ಶೋಕೇಸಿನಲ್ಲಿ ನನ್ನ ಫೋಟೋ

ಹುಮನಾಬಾದಿನಲ್ಲಿ ಹೆದ್ದಾರಿಯಿಂದ ಊರೊಳಗೆ ತಿರುಗುವ ರಸ್ತೆಯಲ್ಲಿ, ಕಾಳಿನ ಅಡತಿ ಅಂಗಡಿಗಳ ಸಾಲು ಮುಗಿಯುವ ಕಡೆ ನಮ್ಮ ಸ್ಟುಡಿಯೋ ಇತ್ತು. ತೊಂಬತ್ತರ ದಶಕದ ಮಾತು. ಮುಂದೆ ರಸ್ತೆಗೆ ಕಾಣುವಂತೆ ಗಾಜಿನ ಶೋಕೇಸು, ಒಳಗೆ ಕೌಂಟರು, ಅದರ ಹಿಂದೆ ಪರದೆ. ಪರದೆ ಸರಿಸಿದರೆ ಗೋಡೆಯ ತುಂಬ ಬಣ್ಣದಲ್ಲಿ ಬರೆದ ಒಂದು ಹೂದೋಟ. ಬೇಮಳಖೇಡದಿಂದ ಎತ್ತು ಮಾರಲು ಬಂದಿದ್ದ ಒಬ್ಬ ರೈತ ಆ ತೋಟವನ್ನು ಬೆರಳಿನಿಂದ ಮುಟ್ಟಿ, "ಇಷ್ಟು ನೀರು ಎಲ್ಲಿಂದ ತರ್ತಾರ್ರಿ?" ಎಂದು ಕೇಳಿದ್ದ. ನನ್ನ ಗಂಡ ಗಂಭೀರವಾಗಿ, "ಬಣ್ಣದ ಡಬ್ಬಿಯಿಂದ್ರಿ" ಅಂದಿದ್ದರು.

ಫೋಟೋ ತೆಗೆಯುವುದನ್ನು ನನಗೆ ಕಲಿಸಿದವರು ಅವರೇ. ಹೆಂಗಸರು ಗಂಡಸಿನ ಮುಂದೆ ನಗುವುದಿಲ್ಲ, ವರನ ಕಡೆಯವರಿಗೆ ಕಳಿಸುವ ಫೋಟೋದಲ್ಲಿ ಹುಡುಗಿ ಅತ್ತಂತೆ ಬರುತ್ತಾಳೆ ಎಂಬುದು ಅವರ ಚಿಂತೆಯಾಗಿತ್ತು. ಹಾಗಾಗಿ ಕನ್ಯೆಯರ ಫೋಟೋ ನನ್ನ ಪಾಲಿಗೆ ಬಂತು. ಆಮೇಲೆ ಡಾರ್ಕ್‌ರೂಮು, ಆಮೇಲೆ ಮದುವೆ ಮನೆಗಳು. ಅವರು ವರನ ಕಡೆ, ನಾನು ವಧುವಿನ ಕಡೆ. ಊಟದ ಹೊತ್ತಿಗೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು, ಯಾರ ರೋಲಿನಲ್ಲಿ ಎಷ್ಟು ಫೋಟೋ ಉಳಿದಿವೆ ಎಂದು ಜಗಳವಾಡುತ್ತಿದ್ದೆವು. ನನ್ನ ಜೀವನದ ಚಂದದ ವರ್ಷಗಳು ಅವು. ಈಗಲೂ ಎಲ್ಲಾದರೂ ಫ್ಲ್ಯಾಷ್ ಹೊಡೆದರೆ ನನಗೆ ಹೋಳಿಗೆಯ ವಾಸನೆ ಬರುತ್ತದೆ.

ಆಮೇಲೆ ಒಂದು ಮಧ್ಯಾಹ್ನ ಎದೆನೋವು ಎಂದು ಕೌಂಟರಿನ ಮೇಲೆ ತಲೆಯಿಟ್ಟ ನನ್ನ ಗಂಡ ಮತ್ತೆ ತಲೆ ಎತ್ತಲಿಲ್ಲ. ಅದರ ಬಗ್ಗೆ ಇನ್ನೇನೂ ಬರೆಯಲಾರೆ.

ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮತ್ತೆ. ಅವರೂ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮಗ ಮಗಳನ್ನು ಒಬ್ಬರೇ ಬೆಳೆಸಿದವರು. ಮಗ ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಲಿಲ್ಲ, ಆದರೆ ತಿಂಗಳು ತುಂಬಿದ ಮೇಲೆ ಸ್ಟುಡಿಯೋದ ಬೀಗದ ಕೈ ತಂದು ನನ್ನ ಮುಂದೆ ಇಟ್ಟರು. "ಮನ್ಯಾಗ ಕುಂತ್ರ ಹುಚ್ಚ ಹಿಡೀತದ. ಹೋಗಿ ಅಂಗಡಿ ತಗಿ. ಪಾಸ್‌ಪೋರ್ಟ್ ಸೈಜು, ಕೂಸು, ಕನ್ಯಾ, ಎಲ್ಲಾ ತಗಿ. ಲಗ್ನಕ್ಕಷ್ಟ ಹೋಗಬ್ಯಾಡ."

"ಯಾಕ್ರಿ?" ಎಂದೆ. ಗೊತ್ತಿದ್ದೇ ಕೇಳಿದೆ.

"ಮುಂಡಿ ಕೈಲೆ ಶುಭ ಕಾರ್ಯ ಮಾಡಿಸಾಕತ್ತಾರ ಅಂತಾರ ಜನ. ಆ ಮಾತು ನಾ ಕೇಳಿಸಿಕೊಂಡೀನಿ. ನೀ ಕೇಳಿಸಿಕೋಬ್ಯಾಡ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಯಿಂದ ಕಟ್ಟಿದ ಹಗ್ಗವನ್ನು ಬಿಚ್ಚುವುದು ಬಹಳ ಕಷ್ಟ. ಬೀಗದ ಕೈ ತೆಗೆದುಕೊಂಡೆ.

ತಮಾಷೆ ಏನೆಂದರೆ ಮದುವೆಗೆ ಬೇಡವಾದ ಈ ಕೈ ಸಾವಿನ ಮನೆಗೆ ಮಾತ್ರ ಬೇಕಾಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಅದಕ್ಕೆ ಮೊದಲು ಗೋಡೆಗೆ ಒರಗಿಸಿ, ಹಣೆಯ ತುಂಬ ವಿಭೂತಿ ಬಳಿದು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೋ ತೆಗೆಸುವುದು ವಾಡಿಕೆ. ಬದುಕಿರುವಷ್ಟು ದಿನ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಮುದುಕರು ಕೂಡ ಅವತ್ತು ಅಲ್ಲಾಡದೆ ಕೂತು ಬಹಳ ಚೆನ್ನಾಗಿ ಬರುತ್ತಿದ್ದರು. ಚಿಟಗುಪ್ಪದಿಂದಲೂ ಜೀಪು ಕಳಿಸಿ ನನ್ನನ್ನು ಕರೆಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ಮನೆಗಳ ಗೋಡೆ ಮೇಲೆ ಈಗಲೂ ನಾನು ತೆಗೆದ ಅಂಥ ಫೋಟೋಗಳು ತೂಗುತ್ತಿವೆ.

ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ನನ್ನ ತವರು ಬಸವಕಲ್ಯಾಣ, ಕೋಟೆಯ ಕೆಳಗಿನ ಓಣಿ. ಬೆಳಿಗ್ಗೆ ಎದ್ದು ಸ್ನಾನವಾದ ಮೇಲೆ ಮನೆಮಂದಿಯೆಲ್ಲ ಸಾಲಾಗಿ ಕೂತು, ಕೊರಳಿನ ವಸ್ತ್ರದಿಂದ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ಕೂರುವುದು ನಮ್ಮ ಮನೆಯ ಶಿಸ್ತು. ಲಿಂಗದ ಮೇಲಿನ ಕಪ್ಪು ಲೇಪ, ಆ ಕಂಥೆಯ ಮೇಲೆ ದೀಪದ ಬೆಳಕಿನ ಒಂದು ಚುಕ್ಕೆ ಬೀಳುತ್ತದೆ. ಆ ಚುಕ್ಕೆಯಲ್ಲಿ ಕಣ್ಣು ನಿಲ್ಲಿಸಬೇಕು. ಚಿಕ್ಕವಳಿದ್ದಾಗ ನನ್ನ ಕಣ್ಣು ತಮ್ಮನ ತಟ್ಟೆಯ ಉಂಡಿಯಲ್ಲಿ ನಿಲ್ಲುತ್ತಿತ್ತು, ಅಪ್ಪ ತಲೆಗೆ ಮೊಟಕುತ್ತಿದ್ದರು. ತಿಂಗಳ ಆ ದಿನಗಳಲ್ಲೂ ಅವರು ನನ್ನನ್ನು ಸಾಲಿನಿಂದ ಏಳಿಸಲಿಲ್ಲ. "ಲಿಂಗ ಇದ್ದ ಮೈಗಿ ಸೂತಕ ಇಲ್ಲವ್ವ. ಹುಟ್ಟಿನ ಸೂತಕಿಲ್ಲ, ಸಾವಿನ ಸೂತಕಿಲ್ಲ" ಎನ್ನುತ್ತಿದ್ದರು. ಗಂಡನ ಮನೆಗೆ ಬಂದರೆ ಅತ್ತೆಯೂ ಅದೇ ಮಾತನ್ನು ದಿನವೂ ಆಡುತ್ತಿದ್ದರು. ನಾನು ಅದನ್ನು ನಂಬಿದ್ದೆ. ಈಗಲೂ ನಂಬುತ್ತೇನೆ. ನಂಬಿದವಳಿಗೆ ಸಿಟ್ಟು ಬರುವುದು ಸಹಜ ತಾನೇ?

ಆ ಸಿಟ್ಟು ಹೊರಬಂದದ್ದು ನಾದಿನಿಯ ಮಗಳ ಮದುವೆ ಗೊತ್ತಾದಾಗ. ಹುಡುಗಿ ಸ್ಟುಡಿಯೋಕ್ಕೆ ಬಂದು ಕೌಂಟರಿನ ಮೇಲೆ ಹತ್ತಿ ಕೂತಳು. "ಮಾಮಿ, ನನ್ನ ಲಗ್ನದ ಫೋಟೋ ನೀನೇ ತಗೀಬೇಕು. ಬ್ಯಾರೆ ಮಂದಿ ತಗದ್ರ ನನ್ನ ಮೂಗು ದಪ್ಪ ಬರ್ತದ."

ನಾನು ಅಂದು ಸಂಜೆ ಅತ್ತೆಯನ್ನು ಕೇಳಿದೆ. ಅವರು ಜೋಳ ಹಸನು ಮಾಡುತ್ತಾ ಕೂತಿದ್ದರು. ಮೊರ ನಿಲ್ಲಲಿಲ್ಲ.

"ಬ್ಯಾಡ."

"ಲಿಂಗ ಇದ್ದ ಮೈಗಿ ಸೂತಕ ಇಲ್ಲಂತ ದಿನಾ ಹೇಳ್ತೀರಿ. ಮತ್ತ ನನ್ನ ಕೈಗಿ ಯಾವ ಸೂತಕ ಬಂತ್ರಿ?"

"ಅದು ದೇವರ ಮುಂದ ಹೇಳೂ ಮಾತು. ಇದು ಜನರ ಮುಂದ ಮಾಡೂ ಕೆಲಸ. ನನ್ನ ಮೊಮ್ಮಗಳ ಲಗ್ನದಾಗ ನಿನ್ನ ಬಗ್ಗೆ ಯಾರರೆ ಒಂದ ಮಾತು ಅಂದ್ರ ನಾ ಹ್ಯಾಂಗ ತಡಕೊಳ್ಳಲಿ?"

ವಾದದಲ್ಲಿ ನನ್ನನ್ನು ಸೋಲಿಸುವುದು ಸುಲಭವಲ್ಲ, ಗಂಡ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದರು. ಆದರೆ ಅವತ್ತು ಎದ್ದು ಒಳಗೆ ಹೋದೆ. ಮರುದಿನ ಸ್ಟುಡಿಯೋದ ಬಾಗಿಲು ಹಾಕಿಕೊಂಡು ನನ್ನ ಫೋಟೋ ನಾನೇ ತೆಗೆದೆ.

ಹೂದೋಟದ ಮುಂದೆ ಅಲ್ಲ. ಅದನ್ನು ಕಪ್ಪು ಬಟ್ಟೆಯಿಂದ ಮುಚ್ಚಿದೆ. ನೆಲದ ಮೇಲೆ ಚಾಪೆ ಹಾಸಿ ಕೂತೆ. ಹಣೆಗೆ ಮೂರೆಳೆ ವಿಭೂತಿ. ಮಡಿಲಲ್ಲಿ ಗಂಡನ ಹಳೆಯ ಪೆಟ್ಟಿಗೆ ಕ್ಯಾಮೆರಾ, ಅದರ ಮೇಲೆ ನನ್ನ ಬಲಗೈ. ಎಡ ಅಂಗೈಯಲ್ಲಿ ಲಿಂಗ. ಲಿಂಗವನ್ನು ಊರಿಗೆಲ್ಲ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಬೆರಳುಗಳನ್ನು ಸ್ವಲ್ಪ ಮಡಚಿದೆ. ಕಿಟಕಿಯ ಬೆಳಕು ಮಾತ್ರ ಒಳಗೆ ಹೋಗಿ ಒಂದು ಚುಕ್ಕೆಯಾಗಿ ಬೀಳುವಂತೆ ನೋಡಿಕೊಂಡೆ. ಅರ್ಥ ಸ್ಪಷ್ಟವಾಗಿತ್ತು, ಕನಿಷ್ಠ ನನಗೆ. ಈ ಕೈಯಲ್ಲಿ ಇದು ಇದೆ, ಆ ಕೈಯಲ್ಲಿ ಅದು ಇದೆ, ಎರಡೂ ಒಂದೇ ಮೈಯ ಕೈಗಳು. ಒಂದು ಕೈ ಮಡಿಯಾದರೆ ಇನ್ನೊಂದು ಹೇಗೆ ಮೈಲಿಗೆ? ನನ್ನ ಕಸುಬೂ ಬೆಳಕಿನದು, ನನ್ನ ಪೂಜೆಯೂ ಬೆಳಕಿನದು ಎಂದು ಅವತ್ತು ಮೊದಲ ಸಲ ಅನಿಸಿತು.

ಸ್ಟ್ಯಾಂಡಿನ ಮೇಲಿದ್ದ ಇನ್ನೊಂದು ಕ್ಯಾಮೆರಾದ ಟೈಮರು ಒತ್ತಿ ಓಡಿ ಬಂದು ಕೂತೆ. ಕ್ಯಾಮೆರಾ ಕಿರ್ರ್ ಎನ್ನುತ್ತಿತ್ತು. ಬೆಳಗಿನ ಅಭ್ಯಾಸದಂತೆ ಕಣ್ಣು ತಾನಾಗಿಯೇ ಅಂಗೈಯ ಚುಕ್ಕೆಗೆ ಇಳಿಯಿತು. ಕಪ್ಪು ಬಿಳುಪಿನ ರೋಲು ಹಾಕಿದ್ದೆ, ಕಲರ್ ಆದರೆ ದೂರದ ಲ್ಯಾಬಿಗೆ ಕಳಿಸಬೇಕು, ಪರರ ಕಣ್ಣಿಗೆ ಮೊದಲು ಬೀಳಬಾರದು ಎಂದು. ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ಕಾಗದದ ಮೇಲೆ ನನ್ನ ಮುಖ ಮೂಡಿದಾಗ ನಿಜವಾಗಿ ಹೇಳುತ್ತೇನೆ, ನನಗೆ ನನ್ನ ಮೇಲೆ ಗೌರವ ಬಂತು. ದೊಡ್ಡದು ಮಾಡಿ, ಫ್ರೇಮು ಹಾಕಿಸಿ, ಶೋಕೇಸಿನ ನಟ್ಟನಡುವೆ ಇಟ್ಟೆ. ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದ ಹಳೆಯ ಮದುಮಕ್ಕಳನ್ನೆಲ್ಲ ಮೂಲೆಗೆ ಸರಿಸಿದೆ. ಅತ್ತೆಯ ಹತ್ತಿರ ವಾದ ಮಾಡುವ ಕೆಲಸ ಇನ್ನು ಫೋಟೋದ್ದು ಎಂದುಕೊಂಡು, ತವರಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ಮರುದಿನ ಬೆಳಿಗ್ಗೆ ಕಲ್ಯಾಣದ ಬಸ್ಸು ಹತ್ತಿದೆ. ನಾನಿಲ್ಲದಾಗ ಅಂಗಡಿಯಲ್ಲಿ ಕೂರುವುದು ಅತ್ತೆಯ ರೂಢಿ. ಫೋಟೋ ತೆಗೆಯಲು ಬಂದವರಿಗೆ ನಾಳೆ ಬನ್ನಿ ಎಂದು ಹೇಳುವುದು, ತಯಾರಾದ ಲಕೋಟೆಗಳನ್ನು ಕೊಡುವುದು.

ಎರಡು ದಿನ ಬಿಟ್ಟು ತಿರುಗಿ ಬಂದೆ. ಅಡತಿ ಅಂಗಡಿಗಳ ಮುಂದೆ ಬರುತ್ತಿದ್ದಂತೆ ಒಬ್ಬ ಹಮಾಲ ನನ್ನನ್ನು ನೋಡಿ ಬೆನ್ನ ಮೇಲಿನ ಚೀಲ ಸಮೇತ ನಿಂತುಬಿಟ್ಟ. ಪರಿಚಯದ ಅಡತಿ ಸಾವ್ಕಾರರು ಗಾದಿಯಿಂದ ಅರ್ಧ ಎದ್ದರು. ನಾನು ನಮಸ್ಕಾರ ಮಾಡಿದೆ, ಅವರು ಮಾಡಲಿಲ್ಲ. ಏನೋ ಎಡವಟ್ಟಾಗಿದೆ ಎಂದುಕೊಳ್ಳುತ್ತಾ ಸ್ಟುಡಿಯೋದ ಮುಂದೆ ಬಂದೆ. ಶೋಕೇಸಿನ ಬಾಗಿಲು ತೆರೆದಿತ್ತು. ನನ್ನ ಫೋಟೋಕ್ಕೆ ಚೆಂಡುಹೂವಿನ ಹಾರ ಬಿದ್ದಿತ್ತು. ಕೆಳಗೆ ಊದಿನಕಡ್ಡಿಯ ಬೂದಿ.

ಆಗ ಹೊಳೆಯಿತು. ವಿಭೂತಿ, ಅಂಗೈಯ ಲಿಂಗ, ನೆಲದ ಮೇಲೆ ಕೂತ ಭಂಗಿ, ತಗ್ಗಿದ ಕಣ್ಣು. ನಮ್ಮ ಊರಿನ ಜನ ಇಂಥ ಫೋಟೋ ನೋಡಿದ್ದು ಒಂದೇ ಸಂದರ್ಭದಲ್ಲಿ, ಅದನ್ನು ಅಭ್ಯಾಸ ಮಾಡಿಸಿದವಳು ನಾನೇ. ನಾಲ್ಕೂರಿನ ಹೆಣಗಳ ಫೋಟೋ ತೆಗೆದ ಕೈಗೆ ತನ್ನ ಫೋಟೋ ತೆಗೆಯುವಾಗ ಅಷ್ಟು ಹೊಳೆಯಲಿಲ್ಲ. ಮೇಲಾಗಿ ಎರಡು ದಿನ ನಾನು ಊರಲ್ಲಿಲ್ಲ, ಅಂಗಡಿಯಲ್ಲಿ ಅತ್ತೆ ಒಬ್ಬರೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಇನ್ನೇನು ಬೇಕು?

ಒಳಗೆ ಅತ್ತೆ ಕೌಂಟರಿನ ಹಿಂದೆ ಕೂತಿದ್ದರು. ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡರು.

"ನೀ ಸತ್ತೀ."

"ಯಾವಾಗ್ರಿ?"

"ನೀ ಬಸ್ಸು ಹತ್ತಿದ ದಿನಾನ. ಸಂತಿ ಮಂದಿ ಎಲ್ಲಾ ಬಂದು ಮಾತಾಡಿಸಿಕೊಂಡು ಹೋತು. ಸತ್ತಿಲ್ಲ, ತವರಿಗೆ ಹೋಗ್ಯಾಳ ಅಂತ ಹೇಳಿ ಹೇಳಿ ನನ್ನ ಗಂಟಲ ಹರೀತು. ಜೀವ ಇದ್ದಾಕಿ ಹೆಣದ ಫೋಟೋ ತಗಿಸಿಕೊಂಡು ಊರಿಗಿ ಕಾಣಂಗ ಇಡೂದೇನು?"

ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಇನ್ನೂ ಸಿಟ್ಟು ಬಂತು. ಹಾರ ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಆಮೇಲೆ, ನನ್ನನ್ನು ನೋಡದೆ, ಆ ಹಾರ ತಂದವಳ ಮಾತು ಹೇಳಿದರು.

ಬೇಮಳಖೇಡದ ಕಡೆಯ ಒಬ್ಬ ಹೆಂಗಸು. ಗದ್ದಲದಲ್ಲಿ ಬಂದವಳೇ ಶೋಕೇಸು ತೆರೆದು ಹಾರ ಹಾಕಿ, ಒಳಗೆ ಬಂದು ಅತ್ತೆಯ ಕಾಲ ಹತ್ತಿರ ಕೂತು ಅಳತೊಡಗಿದಳಂತೆ. "ನಾ ಬಾಯಿ ತಗಿಯೂದ್ರಾಗ ಎಲ್ಲಾ ಅಂದುಬಿಟ್ಲು" ಎಂದರು ಅತ್ತೆ. "ಹೋದ ವರ್ಷ ತನ್ನ ಮಗಳ ಲಗ್ನದಾಗ ನಿನ್ನ ಕೈಲೇ ಫೋಟೋ ತಗಿಸಬೇಕಂತ ಆಸೆ ಇತ್ತಂತ. ಸ್ಟುಡಿಯೋದಾಗ ಮಗಳ ಮುಖ ಹಿಡಿದು ನೀ ನಗಿಸಿದ್ದಿ ಅಂತ. 'ನಿಮ್ಮ ಹೆದರಿಕಿಗಿ ಕೇಳಲಿಲ್ಲವ್ವ, ಅತ್ತೆಗೆ ಸೇರಂಗಿಲ್ಲ, ಕೇಳಿದ್ರ ಸೊಸಿಗೆ ತ್ರಾಸ ಕೊಡ್ತಾಳ ಅಂತ ಊರೆಲ್ಲಾ ಅಂತಿತ್ತು' ಅಂದಳು. ಆಮ್ಯಾಲೂ ಮೂರ್ನಾಕು ಮಂದಿ ಹಂಗೇ ಅಂದ್ರು."

ಹೊರಗೆ ಲಾರಿಗಳು ಹೋಗುತ್ತಿದ್ದವು.

"ಖರೇ ಹೇಳು" ಎಂದರು. "ನಾ ಅಷ್ಟು ಕೆಟ್ಟಾಕಿ ಏನು?"

ಅವರ ಕಣ್ಣಲ್ಲಿ ನೀರಿತ್ತು. ಮಗ ಸತ್ತಾಗಲೂ ನನಗೆ ಕಾಣಿಸದಿದ್ದ ನೀರು. ಆದರೆ ನನ್ನ ನಾಲಿಗೆ ಅಂಥ ಹೊತ್ತಿನಲ್ಲೂ ಸುಮ್ಮನಿರುವ ಜಾತಿಯದಲ್ಲ. "ನೀವು ಜನಕ್ಕ ಹೆದರಿದ್ರಿ. ಜನ ನಿಮಗ ಹೆದರಿತ್ತು. ನಡುವ ನಾ ಸತ್ತೆ" ಎಂದೆ.

ಅವರು ನಗಲಿಲ್ಲ. ಎದ್ದು ಹೋಗಿ ಹಾರ ತೆಗೆದರು, ಬೂದಿ ಒರೆಸಿದರು. ಫೋಟೋವನ್ನೂ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಕನ್ನಡಕ ಹಾಕಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತರು. ಮಗನ ಕ್ಯಾಮೆರಾದ ಮೇಲೆ, ಗಾಜಿನ ಮೇಲಿಂದಲೇ, ಒಮ್ಮೆ ಬೆರಳಾಡಿಸಿದರು. ಆಮೇಲೆ ಒಳಗೆ ಬಂದು, "ಇನ್ನ ಮ್ಯಾಲ ಹೊರಗ ಕಾಣಂಗ ಕೂಡು. ಫೋಟೋ ನೋಡಿದವರಿಗಿ ನೀನೂ ಕಾಣಬೇಕು" ಎಂದರು. ಎಂಟು ದಿನ ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬದುಕಿದ್ದೇನೆ ಎಂದು ತೋರಿಸುತ್ತಾ ಕೂತಿದ್ದೆ.

ಮದುವೆಯ ಫೋಟೋದ ಬಗ್ಗೆ ಅವರು ನನಗೆ ಏನೂ ಹೇಳಲಿಲ್ಲ. ನಾದಿನಿ ಬೀದರಿನ ಫೋಟೋದವನನ್ನು ಗೊತ್ತು ಮಾಡುವ ಮಾತೆತ್ತಿದಾಗ ಮಾತ್ರ, "ಮನ್ಯಾಗ ಫೋಟೋದಾಕಿ ಇರೂದ್ರಾಗ ಹೊರಗಿನವರು ಯಾಕ?" ಅಂದರಂತೆ. ನಮ್ಮತ್ತೆ ಒಪ್ಪಿಗೆ ಕೊಡುವ ರೀತಿಯೇ ಹಾಗೆ, ಯಾರನ್ನೋ ಗದರಿಸಿದಂತೆ ಇರುತ್ತದೆ.

ಮದುವೆ ಹುಮನಾಬಾದಿನಲ್ಲೇ ಆಯಿತು, ಗಂಡಿನ ಕಡೆಯವರು ಚಿಟಗುಪ್ಪದವರು. ಅತ್ತೆ ಬೆಳಿಗ್ಗೆಯಿಂದ ಉಗ್ರಾಣದಲ್ಲಿದ್ದರು. ಯಾವ ಮದುವೆಯಾದರೂ ಅವರ ಜಾಗ ಅದೇ. ಉಗ್ರಾಣದ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ ಇರುವುದನ್ನು ಅವರು ಸಹಿಸುವುದಿಲ್ಲ ಎಂದು ನಾನೂ ನನ್ನ ಗಂಡನೂ ಎಷ್ಟು ಸಲ ಚೇಷ್ಟೆ ಮಾಡಿದ್ದೆವೋ. ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತು ಹತ್ತಿರ ಬಂತು. ನಾನು ಮದುಮಕ್ಕಳ ಎದುರು ಕ್ಯಾಮೆರಾ ಹಿಡಿದು ನಿಂತೆ. ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ತಾಳಿಯಿಲ್ಲದ ಕೊರಳನ್ನೂ ಕುಂಕುಮವಿಲ್ಲದ ಹಣೆಯನ್ನೂ ನೋಡಿ ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಆಮೇಲೆ ನನಗೇ ಕೇಳುವಂತೆ, "ಈ ಹೊತ್ತಿನಾಗ ಇವರು ಮುಂದ... ತಗಿಯೂವರು ಬ್ಯಾರೆ ಯಾರರೆ ಅದಾರೇನ್ರಿ?" ಎಂದು ಕೇಳಿದರು. ಒರಟಾಗಿ ಕೇಳಲಿಲ್ಲ. ಒರಟಾಗಿ ಕೇಳಿದ್ದರೆ ಕೈ ಅಷ್ಟು ತಣ್ಣಗಾಗುತ್ತಿರಲಿಲ್ಲ. ಮಂಟಪದಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ಮದುಮಗಳು ಬಾಸಿಂಗದ ಕೆಳಗಿನಿಂದ ನೋಡಿದಳು. ಕ್ಯಾಮೆರಾ ಇಳಿಸಿಬಿಡುತ್ತಿದ್ದೆನೇನೋ.

ಆಗ ಉಗ್ರಾಣದ ಬಾಗಿಲು ತೆರೆದು ಅತ್ತೆ ಬಂದರು. ಜನ ದಾರಿ ಬಿಟ್ಟರು. ಯಾರೋ "ಆಯಿ, ತಾಳಿ ಇನ್ನಾ ಆಗಿಲ್ಲ, ಒಳಗ ಕೂಡ್ರಿ" ಅಂದರು. ಅವರು ತಟ್ಟೆಯಿಂದ ಒಂದು ಹಿಡಿ ಅಕ್ಕಿಕಾಳು ತೆಗೆದುಕೊಂಡು ಎಲ್ಲರಿಗಿಂತ ಮುಂದೆ, ನನ್ನ ಪಕ್ಕದಲ್ಲಿ ಬಂದು ನಿಂತರು. ಆ ಹಿರಿಯರ ಕಡೆ ತಿರುಗಿಯೂ ನೋಡಲಿಲ್ಲ. "ಬೆಳಕು ಬರೋಬ್ಬರಿ ಐತೇನು ನೋಡು" ಎಂದು ನನಗೆ ಹೇಳಿದರು.

"ಐತ್ರಿ" ಎಂದೆ.

ವಾದ್ಯ ಜೋರಾಯಿತು. ತಾಳಿ ಕಟ್ಟುವುದನ್ನು ತೆಗೆದೆ, ಆ ಮೂಗು ತೆಳ್ಳಗೇ ಬಂದಿದೆ. ಆಮೇಲೆ ಕಾಳು ಬೀಳತೊಡಗಿದವು, ನನಗೆ ಗೊತ್ತಿಲ್ಲದಂತೆ ಕ್ಯಾಮೆರಾ ಅತ್ತೆಯ ಕಡೆ ತಿರುಗಿತು. ಅವರ ಕೈ ಮೇಲೆ ಹೋಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಒಂದು ಫೋಟೋ ತೆಗೆದೆ, ಮುಂದಿನದಕ್ಕೆ ಕಣ್ಣು ಮಂಜಾಗಿ ಫೋಕಸ್ ಸಿಗಲಿಲ್ಲ.

ಸಂಜೆ ಆಟೋದಲ್ಲಿ ಮನೆಗೆ ಬರುವಾಗ ಅತ್ತೆ ರಸ್ತೆಯನ್ನೇ ನೋಡುತ್ತಾ ಹೇಳಿದರು. "ಹುಡುಗಿ ಚಂದ ಕಂಡಳು. ತಾಳಿ ಕಟ್ಟೂದು ಎಷ್ಟು ಲಗೂ ಆಗ್ತದ ನೋಡು. ನಾ ಇನ್ನಾ ಹೊತ್ತು ಹಿಡೀತದಂತ ಮಾಡಿದ್ದೆ."

"ಯಾಕ್ರಿ, ಎಷ್ಟು ಲಗ್ನ ನೋಡೀರಿ ನೀವು."

"ಎಲ್ಲಿ ನೋಡೀನಿ? ಮಗಳ ಲಗ್ನದಾಗೂ ಒಳಗಿದ್ದೆ. ನಿಮ್ಮ ಲಗ್ನದಾಗೂ ಒಳಗಿದ್ದೆ. ವಾದ್ಯದ ಸಪ್ಪಳ ಕೇಳಿ, ಆತು ಅಂತ ತಿಳಕೊಂಡೆ."

ಮರುದಿನ ಬೆಳಿಗ್ಗೆ ಟ್ರಂಕಿನಿಂದ ನಮ್ಮ ಮದುವೆಯ ಆಲ್ಬಮ್ ತೆಗೆದೆ. ಗಂಡ ಹೋದ ಮೇಲೆ ಅದನ್ನು ಎಷ್ಟು ಸಲ ತೆರೆದಿದ್ದೆನೋ ಲೆಕ್ಕವಿಲ್ಲ. ನನ್ನ ತಂದೆ ತಾಯಿ ಇದ್ದಾರೆ, ಓಣಿಯವರಿದ್ದಾರೆ, ಬಡಿಸುವವರೂ ಇದ್ದಾರೆ. ಅಕ್ಕಿಕಾಳಿನ ಪುಟದಲ್ಲಿ ಎತ್ತಿದ ಕೈಗಳೇ ಕೈಗಳು. ಹುಡುಗನ ತಾಯಿ ಎಲ್ಲಿಯೂ ಇಲ್ಲ.

ರೋಲು ತೊಳೆದು ಬಂದ ಮೇಲೆ ನಾದಿನಿಯ ಮಗಳು ತನ್ನ ಆಲ್ಬಮ್ ನೋಡಿ ಗೊಣಗಿದಳು, ಅಜ್ಜಿ ಅಕ್ಕಿಕಾಳು ಹಾಕಿದ ಫೋಟೋ ಎಲ್ಲಿ ಎಂದು. ಅದನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ, ಅವರ ಮಗ ನನಗೆ ತಾಳಿ ಕಟ್ಟುತ್ತಿರುವ ಫೋಟೋದ ಎದುರು ಪುಟದಲ್ಲಿ ಅಂಟಿಸಿದ್ದೆ.